ಸ್ಟೆಪ್ನಿಗೊಂದು ಅಂಗಿ

ಹೈದರಾಬಾದಿನ ಸಿಗ್ನಲ್ಲುಗಳಲ್ಲಿ ಕಾಯುತ್ತ ನಿಂತಾಗ ಮಾಡಲು ಇರುವ ಕೆಲಸ ಒಂದೇ, ಮುಂದಿನ ಗಾಡಿಯ ಬೆನ್ನನ್ನು ಓದುವುದು. ಆಟೋದ ಹಿಂದೆ ಸಿನಿಮಾ ನಟ, ಲಾರಿಯ ಹಿಂದೆ ದೃಷ್ಟಿಬೊಂಬೆ, ಕಾರಿನ ಗಾಜಿನ ಮೇಲೆ ಮಕ್ಕಳ ಹೆಸರು. ಜೀಪಿನಂಥ ಗಾಡಿಯಾದರೆ ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿ, ಅದಕ್ಕೊಂದು ಗವುಸು, ಗವುಸಿನ ಮೇಲೆ ಬಾಯಿ ತೆರೆದ ಹುಲಿ. ಈ ಗವುಸನ್ನು ಯಾರು, ಎಲ್ಲಿ, ಹೇಗೆ ಆರಿಸುತ್ತಾರೆಂದು ನಾನು ಎಂದೂ ಯೋಚಿಸಿದವಳಲ್ಲ. ಕಳೆದ ಬೇಸಿಗೆಯಲ್ಲಿ ಅದು ನಮ್ಮ ಮನೆಯದೇ ಪ್ರಶ್ನೆಯಾಯಿತು. ಅದರ ನೆಪದಲ್ಲಿ ರಾಣಿಗಂಜ್‌ನಿಂದ ಬೀದರಿನವರೆಗೆ ಸುತ್ತಿ ಬಂದೆವು. ನಮ್ಮ ಸಂಘದ ಹುಡುಗ ಹುಡುಗಿಯರಲ್ಲಿ ಕೆಲವರಿಗೆ ಹಳೆಯ ಜೀಪುಗಳ ಹುಚ್ಚು ಹತ್ತಿದೆ ಎಂದು ಕೇಳಿದ್ದೇನೆ. ಅವರಿಗೆ ಉಪಯೋಗವಾದೀತೆಂದು ಇಷ್ಟು ಬರೆಯುತ್ತಿದ್ದೇನೆ.

ಮೊದಲು ಆ ಪದದ ಕಥೆ. ಬಿ.ಎ. ಇಂಗ್ಲಿಷ್ ಓದಿದ ಹೆಮ್ಮೆಯಲ್ಲಿ ಸ್ಟೆಪ್ನಿ ಎಂದರೆ ಲಂಡನ್ನಿನ ಸ್ಟೆಪ್ನಿ ಬಡಾವಣೆ ಇರಬೇಕೆಂದು ನಾನು ಬಹಳ ವರ್ಷ ನಂಬಿದ್ದೆ. ಅದು ತಪ್ಪು. ವೇಲ್ಸ್ ದೇಶದ ಲಾನೆಲ್ಲಿ ಎಂಬ ಊರಿನಲ್ಲಿ ಸ್ಟೆಪ್ನಿ ಎಂಬ ಬೀದಿಯಿದೆ. ಅಲ್ಲಿಯ ಡೇವಿಸ್ ಸಹೋದರರು 1904ರಲ್ಲಿ ಕಾರುಗಳಿಗೆಂದು ಒಂದು ಹೆಚ್ಚುವರಿ ಗಾಲಿ ಮಾಡಿದರು. ಆಗಿನ ಕಾರುಗಳಿಗೆ ಬದಲಿ ಗಾಲಿಯೇ ಇರುತ್ತಿರಲಿಲ್ಲ. ಅವರದು ಕಡ್ಡಿಗಳಿಲ್ಲದ ಬರೀ ಬಳೆಯಂಥ ರಿಮ್ಮು, ಅದರ ಮೇಲೆ ಗಾಳಿ ತುಂಬಿದ ಟೈರು. ಪಂಕ್ಚರಾದ ಗಾಲಿಗೇ ಅದನ್ನು ಹಿಡಿಕೆಗಳಿಂದ ಬಿಗಿದು ಮನೆ ಮುಟ್ಟುತ್ತಿದ್ದರು. ಆ ಬೀದಿಯ ಹೆಸರು ನಮ್ಮ ಮೆಕ್ಯಾನಿಕ್ಕುಗಳ ನಾಲಿಗೆಯಲ್ಲಿ ಗಟ್ಟಿಯಾಗಿ ಉಳಿದಿದೆ. (ಆ ಪದಕ್ಕೆ ಇಲ್ಲಿ ಇನ್ನೊಂದು ಪೋಲಿ ಅರ್ಥವೂ ಇದೆ. ಅದನ್ನು ನಿಮ್ಮ ಸ್ನೇಹಿತರನ್ನು ಕೇಳಿ ತಿಳಿಯಿರಿ, ನನ್ನನ್ನಲ್ಲ.)

ನಮ್ಮದು 2004ರ ಮಾರುತಿ ಜಿಪ್ಸಿ. ನಮ್ಮ ಮನೆಯವರು ಬೀದರಿನವರು. ಅತ್ತೆಯವರು ಅಲ್ಲಿ ಒಬ್ಬರೇ ಇದ್ದ ಕಾಲದಲ್ಲಿ ತಿಂಗಳಿಗೊಮ್ಮೆ ಹೋಗಿಬರಲು, ಅಲ್ಲಿಂದ ಮುಂದೆ ಹೊಲದ ದಾರಿಗೂ ಆಗಲಿ ಎಂದು ಕೊಂಡದ್ದು. 2015ರಲ್ಲಿ ಅತ್ತೆ ಹೋದರು. ತಿಂಗಳಿಗೊಮ್ಮೆ ಎನ್ನುವುದು ವರ್ಷಕ್ಕೊಮ್ಮೆಯಾಯಿತು, ಆಮೇಲೆ ಅದೂ ನಿಂತಿತು. ಜಿಪ್ಸಿ ಬೇವಿನ ಮರದ ಕೆಳಗೆ ಎಲೆ ಹೊದ್ದು ನಿಂತಿತು. ಹದಿನೈದು ವರ್ಷ ತುಂಬಿದಾಗ ಒಮ್ಮೆ, ಮತ್ತೆ 2024ರಲ್ಲಿ ಇನ್ನೊಮ್ಮೆ ನೋಂದಣಿ ನವೀಕರಿಸಿದ್ದಾಯಿತು. ಪ್ರತಿ ಸಲವೂ "ಮಾರಿಬಿಡೋಣ" ಎನ್ನುತ್ತಿದ್ದರು, ಮಾರುತ್ತಿರಲಿಲ್ಲ. ಕೊನೆಗೆ ಮಗಳು, "ನನಗೆ ಕೊಡಿ, ನಾನು ಓಡಿಸ್ತೀನಿ" ಎಂದಳು.

ಹಳೆಯ ಕವರು ಬಿಸಿಲಿಗೆ ಬಿರಿದು ಚಿಂದಿಯಾಗಿತ್ತು. ಹೊಸದರ ಮೇಲೆ ಏನಿರಬೇಕು? ಮಗಳಿಗೆ ಬೆಟ್ಟ, ದಿಕ್ಸೂಚಿ, ಅದರ ಕೆಳಗೊಂದು ಇಂಗ್ಲಿಷ್ ವಾಕ್ಯ ಬೇಕಿತ್ತು. ಇವರು, "ಸ್ಟೆಪ್ನಿ ಇರೋದು ಆಪತ್ತಿಗೆ, ಜಾತ್ರಿಗಲ್ಲ. ಕರೀದು ಸಾಕು" ಎಂದರು. ನಾನು ಹಳದಿ ಕೆಂಪು ಬಾವುಟ, ಅದರ ಮೇಲೆ ಒಂದು ಕನ್ನಡ ಪದ ಇರಲಿ ಎಂದೆ.

"ಓದೋರು ಯಾರಿದ್ದಾರೆ ಅಮ್ಮಾ ಇಲ್ಲಿ? ನನಗೇ ಓದೋಕೆ ಬರಲ್ಲ" ಎಂದಳು ಮಗಳು.

ಅವಳು ಜಗಳಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅವಳು ಚಿಕ್ಕವಳಿದ್ದಾಗ ರಜೆಯಲ್ಲಿ ಅಕ್ಷರ ಕಲಿಸಲು ಶುರುಮಾಡಿದ್ದೆ. ನಾಲ್ಕು ವಾರವಾದ ಮೇಲೆ ಲೆಕ್ಕದ ಟ್ಯೂಷನ್ ಅದೇ ಹೊತ್ತಿಗೆ ಬಂತು. ಲೆಕ್ಕವನ್ನು ಆರಿಸಿದವಳು ನಾನೇ. ಕನ್ನಡ ಎಲ್ಲಿ ಹೋಗುತ್ತದೆ, ಮನೆಯಲ್ಲೇ ಇದೆಯಲ್ಲ ಎಂದುಕೊಂಡಿದ್ದೆ.

ಇರಲಿ. ಒಂದು ಶನಿವಾರ ತಾಯಿ ಮಗಳು ಜಿಪ್ಸಿಯಲ್ಲೇ ಟ್ಯಾಂಕ್ ಬಂಡ್ ದಾಟಿ ಸಿಕಂದರಾಬಾದ್ ಕಡೆಯ ರಾಣಿಗಂಜ್‌ಗೆ ಹೋದೆವು. ಬಂಡಿನ ಮೇಲೆ ಸಾಲಾಗಿ ನಿಂತ ಪ್ರತಿಮೆಗಳಲ್ಲಿ ಕೃಷ್ಣದೇವರಾಯನೂ ಇದ್ದಾನೆ. ಅವನು ನಮ್ಮವನೋ ಅವರವನೋ ಎಂಬ ವಾದ ನಮ್ಮ ಮನೆಯಲ್ಲಿ ಪ್ರತಿ ಸಲ ಅಲ್ಲಿಯೇ ಶುರುವಾಗಿ ಸೇತುವೆ ಬರುವಷ್ಟರಲ್ಲಿ ಮುಗಿಯುತ್ತದೆ. ರಾಣಿಗಂಜ್ ಎಂದರೆ ಮೊಳೆ, ಬೋಲ್ಟು, ಬೇರಿಂಗು, ಗಾಡಿ ಸಾಮಾನುಗಳ ಪೇಟೆ. ನನ್ನಂಥವರಿಗೆ ಸೀರೆ ಅಂಗಡಿಯಲ್ಲಿ ಆಗುವ ಗೊಂದಲ ಅಲ್ಲಿ ಗಂಡಸರಿಗೆ ಆಗುತ್ತಿರುತ್ತದೆ, ನೋಡಲು ಚೆನ್ನ.

ಅಂಗಡಿಯವನ ಮೊದಲ ಪ್ರಶ್ನೆ, "ಸೈಜು?"

ಟೈರಿನ ಪಕ್ಕದಲ್ಲೇ ಬರೆದಿತ್ತು, 205/70 ಆರ್ 15. ಇದನ್ನು ಓದುವುದು ಕಲಿತರೆ ಯಾರೂ ನಿಮಗೆ ದೊಗಳೆ ಕವರು ಕಟ್ಟಲಾರರು. 205 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 70 ಎಂದರೆ ಆ ಅಗಲದ ನೂರಕ್ಕೆ ಎಪ್ಪತ್ತರಷ್ಟು ಪಕ್ಕದ ಎತ್ತರ, ಅಂದರೆ ಸುಮಾರು 143. ಮೇಲೂ ಕೆಳಗೂ ಸೇರಿ 287. ನಡುವಿನ ರಿಮ್ಮು 15 ಅಂಗುಲ, ಅಂದರೆ 381. ಎಲ್ಲ ಕೂಡಿಸಿದರೆ 668 ಮಿಲಿಮೀಟರು, ಇಪ್ಪತ್ತಾರು ಅಂಗುಲಕ್ಕೆ ತುಸು ಮೇಲೆ. ದಪ್ಪ ಎಂಟು ಅಂಗುಲ. ಮಗಳು ಬಾಯಲ್ಲೇ ಲೆಕ್ಕ ಹಾಕಿದಳು. ಟ್ಯೂಷನ್ ದುಡ್ಡು ವ್ಯರ್ಥವಾಗಿರಲಿಲ್ಲ!

ಹಾಕಿ ನೋಡೋಣವೆಂದು ಹಳೆಯ ಚಿಂದಿಯನ್ನು ಅಂಗಡಿಯ ಹುಡುಗ ಎಳೆದು ತೆಗೆದ. ಟೈರನ್ನು ನೋಡಿ ಕೈ ಹಿಂತೆಗೆದ. ಪಕ್ಕದ ರಬ್ಬರಿನ ಮೇಲೆಲ್ಲ ಬೇಸಿಗೆಯ ಕೆರೆಯ ತಳದಂತೆ ಬಿರುಕು. ಒಂದು ಕಡೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ತೋರಿಸಿದ, 1409. ಮೊದಲೆರಡು ವಾರ, ಕೊನೆಯೆರಡು ವರ್ಷ. 2009ರ ಹದಿನಾಲ್ಕನೆಯ ವಾರದಲ್ಲಿ ಹುಟ್ಟಿದ ಟೈರು. ಒಂದು ಮೈಲಿಯೂ ಓಡದೆ ಬಾಗಿಲಿಗೆ ನೇತಾಡುತ್ತಲೇ ಮುದಿಯಾಗಿತ್ತು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಬಿಸಿಲು ಗಾಳಿ ಅದನ್ನು ತಿನ್ನುತ್ತವೆ. ಇದನ್ನು ನಂಬಿ ನಾವು ಎಷ್ಟು ರಾತ್ರಿ ಜಹೀರಾಬಾದ್ ದಾರಿಯಲ್ಲಿ ಬಂದಿದ್ದೆವೋ! ಆ ದಿನ ನಾವು ಕವರು ಕೊಳ್ಳಲಿಲ್ಲ, ಟೈರು ಕೊಂಡೆವು. ಅಳತೆ ಮಾತ್ರ ಉಳಿದ ನಾಲ್ಕರದ್ದೇ ಇರಬೇಕು. ನಾಲ್ಕೂ ಗಾಲಿ ಎಳೆಯುವ ಗಾಡಿಯಲ್ಲಿ ಒಂದು ಗಾಲಿ ಸಣ್ಣದೋ ದೊಡ್ಡದೋ ಆದರೆ ಒಳಗಿನ ಗೇರುಗಳ ಮೇಲೆ ಜಗ್ಗಾಟ ಬೀಳುತ್ತದೆ.

ಮುಂದಿನ ವಾರ ಸೀಟು ಹೊಲಿಯುವ ಒಬ್ಬ ಚಾಚಾನ ಬಳಿ ಹೋದೆವು. ಸಿದ್ಧ ಕವರುಗಳಲ್ಲಿ ಮೂರು ಜಾತಿ ನೋಡಿದ್ದೆವು. ಫೈಬರಿನ ಗಟ್ಟಿ ಚಿಪ್ಪು ಜೋರಾಗಿ ಕಾಣುತ್ತದೆ, ಆದರೆ ಹಳ್ಳ ದಿಣ್ಣೆಯಲ್ಲಿ ಗಡಗಡ ಸದ್ದು. ತೆಳು ರೆಕ್ಸಿನ್ ಅಗ್ಗ, ನಮ್ಮ ಊರಿನ ಮೇ ತಿಂಗಳು ಎರಡು ಕಂಡರೆ ಬಿರಿಯುತ್ತದೆ. ದಪ್ಪ ಕ್ಯಾನ್ವಾಸ್ ಬಣ್ಣ ಹಿಡಿಯುತ್ತದೆ, ಧೂಳನ್ನೂ ಹಿಡಿಯುತ್ತದೆ. ಚಾಚಾ ಎಲ್ಲ ಕೇಳಿ, "ನಕ್ಕೋ ಅಮ್ಮಾ, ರೆಡಿಮೇಡ್ ನಕ್ಕೋ" ಎಂದು ತಾನೇ ಉಪಾಯ ಹೇಳಿದ. ಸುತ್ತಿಗೆ ದಪ್ಪ ರೆಕ್ಸಿನ್, ಮುಖಕ್ಕೆ ಕರಿ ಕ್ಯಾನ್ವಾಸ್, ಬೆನ್ನಿಗೆ ಇಲಾಸ್ಟಿಕ್ ಬದಲು ನಾಡಿಯಂತೆ ಎಳೆದು ಕಟ್ಟುವ ಹಗ್ಗ, ಕೆಳಗೆ ನೀರಿಳಿಯಲು ಎರಡು ತೂತು. ತೂತಿಲ್ಲದಿದ್ದರೆ ಮಳೆಗಾಲದಲ್ಲಿ ನೀರು ನಿಂತು ರಿಮ್ಮು ತುಕ್ಕು ಹಿಡಿಯುತ್ತದಂತೆ. ಹಿಂದಿನ ದೀಪ, ನಂಬರ್ ಪ್ಲೇಟು ಮುಚ್ಚದಂತೆ ಅಳತೆ ತೆಗೆದುಕೊಂಡ.

ಹೊಲಿಗೆಯ ಪ್ರಶ್ನೆ ಮುಗಿಯಿತು, ಚಿತ್ರದ್ದು ಹಾಗೇ ಉಳಿಯಿತು. ಅದಕ್ಕೆ ಉತ್ತರ ಸಿಕ್ಕಿದ್ದು ಚಾರ್ಮಿನಾರಿನ ಹತ್ತಿರ, ಗುಲ್ಜಾರ್ ಹೌಜ್‌ನಲ್ಲಿ. ನಾದಿನಿಯ ಮಗಳ ಮದುವೆಗೆ ಉಡುಗೊರೆ ನೋಡಲು ಹೋಗಿದ್ದೆವು. ಅಂಗಡಿಯವನು ದುಂಡನೆಯ ಬಿದರಿ ತಟ್ಟೆಯೊಂದನ್ನು ಎತ್ತಿ ನಿಲ್ಲಿಸಿದ. ಕಪ್ಪು ಮೈ, ಅಂಚಿನ ಸುತ್ತ ಬೆಳ್ಳಿಯ ಹೂಬಳ್ಳಿ. ಮಗಳು ನನ್ನ ಮೊಣಕೈ ಹಿಡಿದು, "ಅಮ್ಮಾ, ಟೈರು!" ಎಂದಳು.

ಬಿದರಿ ಹೆಸರೇ ಬೀದರಿನಿಂದ ಬಂದದ್ದು. ಬಹುಪಾಲು ಸತು, ತುಸು ತಾಮ್ರ ಸೇರಿದ ಲೋಹದ ಎರಕ. ಅದರ ಮೇಲೆ ಗೀರು ಕೊರೆದು ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಲ್ಲಿ ಕುದಿಸಿ ಅದರಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೀದರಿನ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದನ್ನು ನೀವು ಓದಿರಬಹುದು. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮ ಅತ್ತೆಯವರ ಕಾಲದವರಿಗೆ ರಾಜಧಾನಿ ಎಂದರೆ ಇದೇ ಊರು. ಹೀಗಾಗಿ ಬಿದರಿ ಹೂವು ಇಲ್ಲಿಗೂ ಪರಕೀಯವಲ್ಲ, ಅಲ್ಲಿಗೂ ಅಲ್ಲ. ನನ್ನ ಬಾವುಟವೂ ಅವಳ ದಿಕ್ಸೂಚಿಯೂ ಅಲ್ಲೇ ಕೈಬಿಟ್ಟುಹೋದವು. ಅಂಚಿಗೆ ಅಶ್ರಫಿ ಬೂಟಿ ಎನ್ನುವ ನಾಣ್ಯದಂಥ ಹೂಗಳು, ನಡುವೆ ಮೂರಕ್ಷರ ಎಂದು ತೀರ್ಮಾನವಾಯಿತು. ಬೀದರ.

ಬೋರ್ಡು ಬರೆಯುವ ಪೇಂಟರು ತೆಲುಗಿನವರು, ವಯಸ್ಸಾದವರು. ನಾನು ಬರೆದುಕೊಟ್ಟ ಚೀಟಿಯನ್ನು ಕನ್ನಡಕ ಏರಿಸಿ ಓದಿ ನಕ್ಕರು. "ಜೀಪು ಪೆಟ್ಟುಕುನಿ ಬೀದವಾಳ್ಳು ಅನಿ ರಾಯಿಸ್ತಾರಾ ಅಮ್ಮಾ?" ಜೀಪು ಇಟ್ಟುಕೊಂಡು ಬಡವರೆಂದು ಬರೆಸುತ್ತೀರಾ, ಎಂದು. ತೆಲುಗಿನಲ್ಲಿ ಬೀದ ಎಂದರೆ ಬಡವ. ಇಪ್ಪತ್ತೆಂಟು ವರ್ಷ ಈ ಊರಿನಲ್ಲಿದ್ದು ನನಗೆ ಅದು ಹೊಳೆದಿರಲಿಲ್ಲ.

ಸೀಮೆಸುಣ್ಣದಲ್ಲಿ ಅವರು ಅಕ್ಷರ ಮೂಡಿಸಿದರು. ಮಗಳು ಚೀಟಿಯನ್ನೂ ಕವರನ್ನೂ ಎರಡೆರಡು ಸಲ ನೋಡಿ, "ಅಂಕಲ್, ಅಮ್ಮ ಬರೆದಿರೋದು ಹೀಗಿಲ್ಲ" ಎಂದಳು. ನಿಜ. ದ ಮತ್ತು ರಗಳ ತಲೆಯ ಮೇಲೆ ಅವರು ತೆಲುಗಿನ ಓರೆ ತಲೆಕಟ್ಟು ಇಟ್ಟಿದ್ದರು, ಕನ್ನಡದಲ್ಲಿ ಅದು ಅಡ್ಡ ಗೆರೆ. ಬೀ ಅಕ್ಷರದ ದೀರ್ಘ ಅವರಲ್ಲಿ ತಲೆಯ ಮೇಲೇ ಸುತ್ತಿಕೊಂಡಿತ್ತು, ನಮ್ಮಲ್ಲಿ ಪಕ್ಕಕ್ಕೆ ಬೇರೆಯಾಗಿ ನಿಲ್ಲುತ್ತದೆ. ಮಗಳು ಸೀಮೆಸುಣ್ಣ ತೆಗೆದುಕೊಂಡು ಮೂರನ್ನೂ ತಿದ್ದಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಮ್ಮಾ, ಇದು ತೆಲುಗೇ ಅಲ್ವಾ? ಸ್ವಲ್ಪ ಬೇರೆ ಥರ ಬಾಚಿಕೊಂಡಿದೆ ಅಷ್ಟೆ. ನೀನು ಯಾಕೆ ಹೇಳ್ಲಿಲ್ಲ?"

ಶಾಲೆಯಲ್ಲಿ ಹತ್ತು ವರ್ಷ ತೆಲುಗು ಓದಿದ ಹುಡುಗಿ. ನಾನು ಅ, ಆ, ಇ, ಈ ಎಂದು ಮೊದಲಿನಿಂದ ಶುರುಮಾಡಿ ಅವಳಿಗೆ ಬೇಸರ ಹಿಡಿಸಿದ್ದೆ. ಇಲ್ಲಿ ಬೆಳೆದ ನಿಮ್ಮಲ್ಲಿ ಬಹಳ ಜನಕ್ಕೆ ಇದೇ ಸ್ಥಿತಿ ಇರಬಹುದು. ಗೊತ್ತಿದ್ದ ತೆಲುಗು ಅಕ್ಷರಗಳ ಪಕ್ಕ ಕನ್ನಡದವನ್ನು ಇಟ್ಟು ನೋಡಿ. ತ, ಶ ಹೀಗೆ ಕೆಲವು ಕಾಡುತ್ತವೆ, ಉಳಿದವು ದಾಯಾದಿಗಳಂತೆ ಮುಖ ತೋರಿಸುತ್ತವೆ. ಪೇಂಟರು ಅಲ್ಯೂಮಿನಿಯಂ ಬಣ್ಣದಲ್ಲಿ ತೆಳ್ಳಗೆ ಎರಡು ಸಲ ಬರೆದರು. ದಪ್ಪ ಬಳಿದರೆ ಮಡಿಕೆಯಲ್ಲಿ ಸಿಪ್ಪೆ ಏಳುತ್ತದಂತೆ.

ಭಾನುವಾರ ಮೂವರೂ ಹೊರಟೆವು. ಪಟಾಂಚೆರು, ಸಂಗಾರೆಡ್ಡಿ, ಸದಾಶಿವಪೇಟೆ, ಮುಂಬೈ ಹೆದ್ದಾರಿಯಲ್ಲಿ ಜಹೀರಾಬಾದಿನವರೆಗೆ ಹೋಗಿ ಬಲಕ್ಕೆ ತಿರುಗಬೇಕು. ಈ ಜಹೀರಾಬಾದ್ ಕೂಡ 1956ರ ಮೊದಲು ಬೀದರ್ ಜಿಲ್ಲೆಯದೇ. ಅಲ್ಲಿಂದಾಚೆ ನೆಲ ಕೆಂಪಾಗುತ್ತದೆ, ಬೋರ್ಡುಗಳು ತೆಲುಗಿನಿಂದ ಕನ್ನಡಕ್ಕೆ ಹೊರಳುತ್ತವೆ. ಮಗಳು ಗಾಡಿ ನಿಧಾನ ಮಾಡಿ ಒಂದೊಂದನ್ನೂ ಗಟ್ಟಿಯಾಗಿ ಓದಲು ಹೊರಟಳು. "ಸಿ... ಮೆಂ... ಟು." ಹಿಂದಿನ ಲಾರಿ ಹಾರ್ನ್ ಬಾರಿಸಿತು. "ಅವ್ವ ಇದ್ದಿದ್ರ..." ಎಂದರು ಇವರು, ಮುಂದೆ ಹೇಳಲಿಲ್ಲ.

ಕೋಟೆಯ ಒಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸವಿದೆ. ಅದನ್ನು ತಪ್ಪದೆ ನೋಡಿ. ಹೊರಗೆ ಬಂದಾಗ ಚಹಾದ ಅಂಗಡಿಯವನು ನಮ್ಮ ಗಾಡಿಯ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ನಂಬರ್ ಪ್ಲೇಟಿನಲ್ಲಿ ಎ.ಪಿ., ಬಂದದ್ದು ತೆಲಂಗಾಣದಿಂದ, ಬೆನ್ನ ಮೇಲೆ ಬೀದರ.

"ಯಾ ಊರವ್ರರೀ ನೀವು?" ಎಂದು ಮಗಳನ್ನು ಕೇಳಿದ.

ಅವಳು ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. "ಹೈದರಾಬಾದ್ ರೀ... ಬೀದರನೂ ಹೌದು" ಎಂದಳು. ಅವನು ಮೂರು ಚಹಾ ತಂದಿಟ್ಟ. ಇವರು ಅಷ್ಟರಲ್ಲಿ ಹಗ್ಗ ಸಡಿಲಿಸಿ ಗವುಸಿನ ಒಳಗೆ ಕೈ ಹಾಕಿ, ಸ್ಟೆಪ್ನಿಯ ಗಾಳಿ ಒತ್ತಿ ನೋಡುತ್ತಿದ್ದರು.