ಹೆಸರಿಗೊಂದು ಪುಸ್ತಕ

ಮಕ್ಕಳ ಪುಸ್ತಕದ ಬಿಡುಗಡೆಗೆ ಮಕ್ಕಳನ್ನು ಕರೆಯಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಮನೆಯಲ್ಲಿ ಬಿಸಿಯಾಗಿಯೇ ನಡೆಯಿತು. ನಮ್ಮ ಯಜಮಾನರ ವಾದ ಸರಳ. ಮಕ್ಕಳು ಬಂದರೆ ಗಲಾಟೆ, ಗಲಾಟೆಯಾದರೆ ಭಾಷಣ ಕೇಳಿಸದು, ಭಾಷಣ ಕೇಳಿಸದಿದ್ದರೆ ಅಧ್ಯಕ್ಷರಿಗೆ ಮುನಿಸು. ಪ್ರಕಾಶಕರೂ ಅವರ ಪಕ್ಷವೇ. "ಮೇಡಂ, ಮಕ್ಕಳು ಬಂದ್ರೆ ಉಪ್ಪಿಟ್ಟು ಖರ್ಚಾಗುತ್ತೆ, ಪುಸ್ತಕ ಖರ್ಚಾಗಲ್ಲ. ದುಡ್ಡಿರೋದು ದೊಡ್ಡವರ ಜೇಬಲ್ಲಿ" ಎಂದರು. ಲೆಕ್ಕ ಸರಿಯೇ ಇತ್ತು. ಆದರೂ ನಾನು ಪಟ್ಟು ಬಿಡಲಿಲ್ಲ. ಕೊನೆಗೆ ನಮ್ಮ ಶಾಲೆಯ ಮಕ್ಕಳಿಗೆ ಮುಂದಿನ ಎರಡು ಸಾಲು, ಉಪ್ಪಿಟ್ಟು ಕೇಸರಿಬಾತು ಸಭೆಗೆ ಮೊದಲೇ, ಎಂದು ರಾಜಿಯಾಯಿತು.

ಪುಸ್ತಕದ ಹೆಸರು 'ಕೊಡೆ ಮರೆತ ಮಳೆ'. ಇಪ್ಪತ್ನಾಲ್ಕು ಪುಟ, ಪುಟಕ್ಕೆ ಎರಡೋ ಮೂರೋ ಸಾಲು, ಉಳಿದದ್ದೆಲ್ಲ ಚಿತ್ರ. ಅದರ ಕರಡು ತಿದ್ದುವುದಕ್ಕಿಂತ ಆಹ್ವಾನಪತ್ರಿಕೆಯ ಕರಡು ತಿದ್ದುವುದೇ ಕಷ್ಟವಾಯಿತು. ಉದ್ಘಾಟನೆ, ಅಧ್ಯಕ್ಷತೆ, ಕೃತಿ ಬಿಡುಗಡೆ, ಕೃತಿ ಪರಿಚಯ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಸ್ವಾಗತ, ನಿರೂಪಣೆ, ವಂದನಾರ್ಪಣೆ: ಎಲ್ಲ ಸೇರಿಸಿದರೆ ಆಹ್ವಾನಪತ್ರಿಕೆಯಲ್ಲಿ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚು ಪದಗಳಿದ್ದವು. ಯಾರ ಹೆಸರು ಯಾರ ಹೆಸರಿಗಿಂತ ಕೆಳಗೆ ಬರಬಾರದು ಎಂಬ ಶಾಸ್ತ್ರದಲ್ಲಿ ಪ್ರಕಾಶಕರು ಪಂಡಿತರು. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ಮಾತ್ರ ನನ್ನ ಹೆಸರು ಪುಸ್ತಕದ ಹೆಸರಿಗಿಂತ ದಪ್ಪಗೆ ಬಂದಿತ್ತು. ನೋಡಿ ಖುಷಿಯಾಯಿತು ಎನ್ನಲು ನನಗೇನೂ ನಾಚಿಕೆಯಿಲ್ಲ. ಏಕೆಂದರೆ ಮಕ್ಕಳಿಗಾಗಿ ಬರೆಯುವವರ ಹೆಸರು ಅಷ್ಟು ದಪ್ಪಗೆ ಕಾಣುವುದು ಆ ಒಂದು ಸಂಜೆ ಮಾತ್ರ.

ನಮ್ಮ ಪರಂಪರೆಯೇ ಹಾಗಿದೆ. ಕನ್ನಡ ಮಕ್ಕಳಿಗೆ ಯಾವ ಪದ್ಯ ಹೆಚ್ಚು ಗೊತ್ತು ಎಂದು ಕೇಳಿದರೆ ಗೋವಿನ ಹಾಡು ಎನ್ನಬೇಕು. ಪುಣ್ಯಕೋಟಿ ಗೊತ್ತು, ಅರ್ಬುತನೆಂಬ ಹುಲಿ ಗೊತ್ತು, ಗೊಲ್ಲ ಕಾಳಿಂಗನೂ ಗೊತ್ತು. ಬರೆದವರು ಯಾರು? ಯಾರಿಗೂ ಗೊತ್ತಿಲ್ಲ. ನನ್ನಮ್ಮ ರೊಟ್ಟಿ ತಟ್ಟುತ್ತಾ ಹಾಡುತ್ತಿದ್ದಳು. ಹುಲಿ ಪ್ರಾಣ ಬಿಡುವ ಜಾಗಕ್ಕೆ ಬರುವಷ್ಟರಲ್ಲಿ ಹಿಟ್ಟು ಮುಗಿಯುತ್ತಿತ್ತು, ಅವಳ ಕಣ್ಣೂ ಒದ್ದೆಯಾಗುತ್ತಿತ್ತು. ಕವಿ ಯಾರೆಂದು ಅವಳು ಒಂದು ದಿನವೂ ಕೇಳಿದವಳಲ್ಲ. ಅವಳ ಮಟ್ಟಿಗೆ ಅದು ಅವಳಮ್ಮನ ಹಾಡು.

ಪಂಜೆ ಮಂಗೇಶರಾಯರು ತಮ್ಮ ಹೆಸರನ್ನು ತಾವೇ ಮರೆಮಾಡಿದವರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಮೇಷ್ಟರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ದಕ್ಷಿಣ ಕನ್ನಡದ ಶಾಲೆಗಳನ್ನು ಸುತ್ತಿದರು. ಇನ್ಸ್‌ಪೆಕ್ಟರ್ ಬರುತ್ತಾರೆಂದರೆ ನಮ್ಮ ಶಾಲೆಗಳಲ್ಲಿ ಇವತ್ತಿಗೂ ಕರಿಹಲಗೆ ಒರೆಸಿ, ಅಂಗಳ ಗುಡಿಸಿ, ಮೂಗು ಸೋರುವ ಮಕ್ಕಳನ್ನು ಹಿಂದಿನ ಸಾಲಿಗೆ ಕಳಿಸುತ್ತೇವೆ. ಆ ಕುರ್ಚಿಯಲ್ಲಿ ಕೂತ ಮನುಷ್ಯನೊಬ್ಬ 'ಸಿಗಡಿ ಯಾಕೆ ಒಣಗಲಿಲ್ಲ?' ಎಂಬ ಕಥೆ ಹೇಳುತ್ತಾನೆಂದರೆ ನನಗೆ ಈಗಲೂ ಬೆರಗು. ಅವರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಮಕ್ಕಳಿಗೆ ಓದಲು ಪುಸ್ತಕವೇ ಇಲ್ಲವೆಂದು ಗೊಣಗುವ ಬದಲು ಬರೆಯುವವರನ್ನು ಗುಂಪುಗೂಡಿಸುವುದು ಎಷ್ಟು ದೊಡ್ಡ ಕೆಲಸವೆಂದು, ಶಾಲೆಯ ಕೈಬರಹದ ಪತ್ರಿಕೆಗೆ ಸಹೋದ್ಯೋಗಿಗಳಿಂದ ಲೇಖನ ವಸೂಲಿ ಮಾಡಿದ ನನ್ನಂಥವರಿಗೆ ಗೊತ್ತು. ಇಷ್ಟೆಲ್ಲ ಮಾಡಿದ ಪಂಜೆಯವರು ಪದ್ಯಗಳಿಗೆ ಹಾಕಿಕೊಂಡ ಹೆಸರು 'ಕವಿಶಿಷ್ಯ'. ಕವಿಯೂ ಅಲ್ಲವಂತೆ, ಕವಿಯ ಶಿಷ್ಯ! 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮನುಷ್ಯ ಇವರು.

ಅವರ ನಾಗರಹಾವಿನ ಪದ್ಯವನ್ನು ನಾನು ತರಗತಿಯಲ್ಲಿ ಬಹಳ ವರ್ಷ ಹೇಳಿಕೊಟ್ಟಿದ್ದೇನೆ. ಮಕ್ಕಳು ಅಂಗೈಯನ್ನು ಹೆಡೆ ಮಾಡಿ ಆಡಿಸುತ್ತಾ ಹೇಳುವಾಗ ಕೋಣೆಯ ತುಂಬ ಹಾವುಗಳು. ಒಮ್ಮೆ, ಇದನ್ನು ಬರೆದವರು ಯಾರು ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗನೊಬ್ಬ ಕೈಯೆತ್ತಿ, "ನೀವೇ ಮಿಸ್, ನಿನ್ನೆ ಬೋರ್ಡ್ ಮೇಲೆ ಬರೆದ್ರಲ್ಲ" ಎಂದ. ಕವಿಶಿಷ್ಯರು ಕೇಳಿದ್ದರೆ ಮೀಸೆಯಡಿಯಲ್ಲಿ ನಗುತ್ತಿದ್ದರೇನೋ.

ಜಿ.ಪಿ. ರಾಜರತ್ನಂ ಅವರದು ಬೇರೆ ಕಥೆ. ಎಂ.ಎ. ಮುಗಿಸಿಯೂ ಸರಿಯಾದ ಕೆಲಸ ಸಿಗದ ದಿನಗಳಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದರು. 'ತುತ್ತೂರಿ' ಬಂದದ್ದು ಅಂಥ ಒಡನಾಟದಿಂದ. ಕಸ್ತೂರಿಯನ್ನೋ ಕಮಲವನ್ನೋ ಹುಡುಕಿಕೊಂಡು ಹೋಗದೆ ತಗಡಿನ ತುತ್ತೂರಿ, ನಾಯಿಮರಿ, ರೊಟ್ಟಿ ಅಂಗಡಿಗಳನ್ನು ಪದ್ಯದೊಳಕ್ಕೆ ಕರೆದುತಂದರು. ಮಗುವಿನ ಕೈಗೆಟುಕುವ ಸಾಮಾನುಗಳಷ್ಟೇ ಅಲ್ಲಿವೆ. ಇದೇ ಕೈ 'ರತ್ನನ ಪದಗಳು' ಬರೆದು ಹೆಂಡಗುಡುಕನನ್ನು ಕನ್ನಡದ ಮನೆಮಾತು ಮಾಡಿತು. ಒಬ್ಬನೇ ಮನುಷ್ಯ ನಮ್ಮ ಶಿಶುವಿಹಾರಕ್ಕೂ ಹೆಂಡದಂಗಡಿಗೂ ಹಾಡು ಕೊಟ್ಟಿರುವುದು ನನಗೆ ತುಂಬ ಇಷ್ಟದ ಸಂಗತಿ. ಎರಡೂ ಕಡೆ ತೊದಲು ನುಡಿಗೇ ಮರ್ಯಾದೆ. 1978ರಲ್ಲಿ ದೆಹಲಿಯಲ್ಲಿ ನಡೆದ ಸಮ್ಮೇಳನಕ್ಕೆ ರಾಜರತ್ನಂ ಅಧ್ಯಕ್ಷರು. ಆದರೆ ನಾಯಿಮರಿಯ ಪದ್ಯ ಹೇಳಿಸುವ ಅಪ್ಪ ಅಮ್ಮಂದಿರನ್ನು ಕೇಳಿ ನೋಡಿ, ಅರ್ಧಕ್ಕರ್ಧ ಜನ ಅದು ಜನಪದ ಗೀತೆ ಎನ್ನುತ್ತಾರೆ. ಬದುಕಿದ್ದವರೊಬ್ಬರು ಬರೆದದ್ದು ಇಷ್ಟು ಬೇಗ ಜನಪದವಾಗುವುದು ದೊಡ್ಡ ಬಿರುದೇ ಇರಬೇಕು, ಆದರೆ ಅದಕ್ಕೆ ಶಾಲು ಹೊದಿಸುವ ಪದ್ಧತಿಯಿಲ್ಲ.

'ಚಂದಮಾಮ'ದ ಮಾತು ಕೇಳುವುದೇ ಬೇಡ. ತೆಲುಗು, ತಮಿಳಿನಲ್ಲಿ 1947ರಲ್ಲಿ ಶುರುವಾದ ಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು. ನಾನು ಓದಿದ್ದು ಸೋದರಮಾವನ ಮನೆಯ ಅಟ್ಟದಲ್ಲಿ, ಹುಣಸೆಹಣ್ಣಿನ ಡಬ್ಬಗಳ ನಡುವೆ. ಹೆಗಲ ಮೇಲೆ ಹೆಣ ಹೊತ್ತ ವಿಕ್ರಮನ ಚಿತ್ರ ಈಗಲೂ ಕಣ್ಣಿಗೆ ಕಟ್ಟುತ್ತದೆ. ಅದನ್ನು ಬಿಡಿಸಿದವರು ಕೆ.ಸಿ. ಶಿವಶಂಕರನ್ ಎಂದು ತಿಳಿದದ್ದು ಅವರು 2020ರಲ್ಲಿ ತೀರಿಕೊಂಡಾಗ, ಪತ್ರಿಕೆಯ ಸುದ್ದಿಯಲ್ಲಿ. ದಶಕಗಳ ಕಾಲ ಆ ಪತ್ರಿಕೆಯನ್ನು ನಡೆಸಿದ ತೆಲುಗಿನ ದೊಡ್ಡ ಲೇಖಕ ಕೊಡವಟಿಗಂಟಿ ಕುಟುಂಬರಾವ್ ಅಲ್ಲಿ ರಾಶಿ ರಾಶಿ ಬರೆದರೂ ಸಹಿ ಹಾಕಲಿಲ್ಲವೆಂದು ತಿಳಿಯುವ ಹೊತ್ತಿಗೆ ನನ್ನ ಕೂದಲು ನರೆತಿತ್ತು. ಬೇತಾಳನ ಹೆಸರು ಮಾತ್ರ ಯಾರೂ ಮರೆತಿಲ್ಲ.

ಹಾಗಾದರೆ ಹೆಸರು ಉಳಿದವರೇ ಇಲ್ಲವೇ? ಇದ್ದಾರೆ, ಬೇರೆ ಪುಸ್ತಕಗಳ ದಯೆಯಿಂದ. ಕಾರಂತರು 'ಬಾಲಪ್ರಪಂಚ'ದ ಮೂರು ಸಂಪುಟ ಬರೆದರು, ನಾವು ನೆನೆಯುವುದು ಚೋಮನನ್ನು. ವೈದ್ಯೆ ಅನುಪಮಾ ನಿರಂಜನ ತಿಂಗಳಿಗೊಂದರಂತೆ ಹನ್ನೆರಡು ಸಂಪುಟಗಳಲ್ಲಿ 'ದಿನಕ್ಕೊಂದು ಕಥೆ' ಕೊಟ್ಟರು, ವಿಮರ್ಶಕರು ಅವರ ಕಾದಂಬರಿಗಳ ಮುಂದೆಯೇ ನಿಂತುಬಿಟ್ಟರು. (ನನ್ನ ಮಗಳು ದಿನಕ್ಕೊಂದು ಎಂಬ ನಿಯಮ ಮುರಿದು ಜನವರಿಯಲ್ಲೇ ಮಾರ್ಚಿಗೆ ಹೋಗಿದ್ದಳು.) ಕೇಂದ್ರ ಸಾಹಿತ್ಯ ಅಕಾಡೆಮಿಗೆ ಮಕ್ಕಳ ಸಾಹಿತ್ಯಕ್ಕೂ ಒಂದು ಪ್ರಶಸ್ತಿ ಬೇಕೆಂದು ತೋಚಿದ್ದು 2010ರಲ್ಲಿ. ಕನ್ನಡಕ್ಕೆ ಮೊದಲು ಅದನ್ನು ತಂದವರು ಬೊಳುವಾರು ಮಹಮದ್ ಕುಂಞಿ, ಗಾಂಧಿಯ ಕಥೆ ಹೇಳಿ.

ಕುವೆಂಪು ಅವರ ಕಿಂದರಿಜೋಗಿಯದು ಇನ್ನೂ ಚೆಂದ. ಅದರ ಮೂಲ ರಾಬರ್ಟ್ ಬ್ರೌನಿಂಗ್ ಬರೆದದ್ದು. ಮ್ಯಾಕ್ರೆಡಿ ಎಂಬ ನಟನ ಮಗ ಕಾಯಿಲೆ ಬಿದ್ದು ಮಲಗಿದ್ದಾಗ, ಹುಡುಗ ಚಿತ್ರ ಬರೆದುಕೊಂಡು ಹೊತ್ತು ಕಳೆಯಲಿ ಎಂದು ಹೆಣೆದ ಪದ್ಯವದು, ಅಚ್ಚಾದದ್ದು 1842ರಲ್ಲಿ. ಜರ್ಮನಿಯ ಹ್ಯಾಮೆಲಿನ್ನಿನ ಇಲಿಗಳು ಒಬ್ಬ ಮಲೆನಾಡಿಗನ ಕೈಯಲ್ಲಿ ತುಂಗೆಯ ದಡದ ಬೊಮ್ಮನಹಳ್ಳಿಗೆ ಬಂದು, ನಮ್ಮ ಕಣಜಗಳನ್ನೇ ತಿಂದವು. ತುಂಗೆಯ ನೀರು ಕುಡಿದೇ ಬೆಳೆದ ಶಿವಮೊಗ್ಗದ ನಮ್ಮ ಮಕ್ಕಳಿಗೆ ಬ್ರೌನಿಂಗ್ ಯಾರೋ ಏನೋ. ಬೊಮ್ಮನಹಳ್ಳಿಗೆ ಯಾವ ಬಸ್ಸು ಹೋಗುತ್ತದೆ ಎಂದು ಕೇಳಿದವರಂತೂ ಇದ್ದಾರೆ.

ಬಿಡುಗಡೆಯ ಸಂಜೆ ನಾನು ಜೋಗಿಯನ್ನು ನೆನೆಸಿಕೊಳ್ಳಲು ಬೇರೆ ಕಾರಣವಿತ್ತು. ಮುಖ್ಯ ಅತಿಥಿಗಳು ಬಣ್ಣದ ಕಾಗದದ ಕಟ್ಟು ಬಿಚ್ಚಲು ಹೆಣಗಿದರು. ಟೇಪು ಬಿಡಲೊಲ್ಲದು. ಕೊನೆಗೆ ಹಲ್ಲಿನಿಂದ ಕಚ್ಚಿ ಹರಿದರು, ಮಕ್ಕಳು ಚಪ್ಪಾಳೆ ತಟ್ಟಿದ್ದು ಆಗಲೇ. ಆಮೇಲೆ ಇಂದಿನ ಮಕ್ಕಳು, ಮೊಬೈಲು, ನೈತಿಕ ಅಧಃಪತನ ಎಂದು ಮುಕ್ಕಾಲು ಗಂಟೆ ಮಾತಾಡಿದರು. ಮಳೆ, ಕೊಡೆ ಎರಡೂ ಭಾಷಣದಲ್ಲಿ ಬರಲಿಲ್ಲ. ಕಡೆಗೆ, ಈ ಪುಸ್ತಕದ ನೂರು ಪ್ರತಿ ಕೊಂಡು ತಾಲ್ಲೂಕಿನ ಶಾಲೆಗಳಿಗೆಲ್ಲ ಹಂಚುವೆನೆಂದು ಘೋಷಿಸಿದರು. ಬೊಮ್ಮನಹಳ್ಳಿಯ ಗೌಡ ಇಲಿ ಹೋಗುವ ಮೊದಲು ಕೊಟ್ಟಂಥ ಮಾತು ಇದೆಂದು ಪ್ರಕಾಶಕರ ಮುಖವೇ ಹೇಳುತ್ತಿತ್ತು.

ಕೃತಿ ಪರಿಚಯ ಮಾಡಿದವರು ನನ್ನ ಪರಿಸರ ಪ್ರಜ್ಞೆಯನ್ನು ಹೊಗಳಿದರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ಕೈ ಎದ್ದಿತು. "ಮಿಸ್, ಎಲ್ಲಾ ಪೇಜಲ್ಲೂ ಒಂದು ಕಪ್ಪೆ ಇದೆಯಲ್ಲ, ಕಥೇಲಿ ಯಾಕಿಲ್ಲ?" ನಾನು ಪುಟ ತಿರುವಿದೆ. ಹೌದು! ಬಾವಿಯ ಕಟ್ಟೆ ಮೇಲೆ, ಚಪ್ಪಲಿಯೊಳಗೆ, ಅಜ್ಜನ ಟೋಪಿಯ ಹಿಂದೆ, ಚಿಕ್ಕ ಹಸಿರು ಕಪ್ಪೆಯೊಂದು ಮಳೆಯ ಬೆನ್ನು ಹತ್ತಿ ಹೊರಟಿದೆ. ನಾನು ಬರೆದದ್ದಲ್ಲ. ವೇದಿಕೆಯ ಮೂಲೆಯಲ್ಲಿ, ಆಹ್ವಾನಪತ್ರಿಕೆಯಲ್ಲಿ ಹೆಸರಿಲ್ಲದ ಕುರ್ಚಿಯಲ್ಲಿ ಕೂತಿದ್ದ ಚಿತ್ರಕಾರ ಹುಡುಗ ತಲೆ ತಗ್ಗಿಸಿ ನಗುತ್ತಿದ್ದ. ಆ ಹೆಸರಿಲ್ಲದ ಕುರ್ಚಿಯ ವಿಷಯದಲ್ಲಿ ಪ್ರಕಾಶಕರ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ.

ಸಭೆ ಮುಗಿದ ಮೇಲೆ ಹಸ್ತಾಕ್ಷರದ ಸಾಲು. ದೊಡ್ಡವರು ಮೊಮ್ಮಕ್ಕಳ ಹೆಸರು ಹೇಳಿ ಬರೆಸಿಕೊಂಡರು. ಅವರ ನಂತರ ನಮ್ಮ ಮೂರನೇ ತರಗತಿಯ ಹುಡುಗಿ ಪುಸ್ತಕ ಮುಂದೆ ಮಾಡಿದಳು. ನಾನು ಪೆನ್ನಿಟ್ಟೆನೋ ಇಲ್ಲವೋ, ಸರಕ್ಕನೆ ಹಿಂದಕ್ಕೆಳೆದುಕೊಂಡಳು. "ಪುಸ್ತಕದ ಮೇಲೆ ಗೀಚಬಾರದು ಅಂತ ನೀವೇ ಹೇಳಿದ್ದು ಮಿಸ್!"

"ಇದು ಗೀಚೋದಲ್ಲ ಪುಟ್ಟಿ, ನನ್ನ ಹೆಸರು."

"ಪುಸ್ತಕ ನಂದಲ್ವಾ? ನಿಮ್ಮ ಹೆಸರು ಯಾಕೆ?"

ಪೆನ್ನು ನನ್ನ ಕೈಯಿಂದ ಅವಳ ಕೈಗೆ ಹೋಯಿತು. ಮೊದಲ ಪುಟದಲ್ಲಿ ನಾಲಿಗೆ ಕಚ್ಚಿಕೊಂಡು ತನ್ನ ಹೆಸರು, ಅದರಡಿ ತರಗತಿ, ಅದರಡಿ ಬಿ ವಿಭಾಗ, ಶಾಲೆಯ ಹೆಸರು ಎಲ್ಲ ಬರೆದಳು. ಹಿಂದಿದ್ದವರು ಬಿಟ್ಟಾರೆಯೇ? ಪೆನ್ನಿಗೆ ಮುಗಿಬಿದ್ದರು. ಮೇಜಿನ ಮೇಲೆ ಮಾರಾಟಕ್ಕೆ ಜೋಡಿಸಿಟ್ಟ ಪುಸ್ತಕಗಳೆಲ್ಲ ಒಂದೊಂದಾಗಿ ಒಬ್ಬೊಬ್ಬರದಾಗತೊಡಗಿದವು. ಪ್ರಕಾಶಕರು ರಸೀದಿ ಪುಸ್ತಕ ಹಿಡಿದು ಓಡಿ ಬಂದರು. "ಮೇಡಂ, ದುಡ್ಡು ಕೊಡದೇನೇ ಹೆಸರು ಬರೀತಿದಾರೆ, ನೋಡ್ತಾ ನಿಂತಿದೀರಲ್ಲ!" ಹೆಸರು ಬರೆದ ಪುಸ್ತಕವನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ. ಲೇಖಕರಿಗೆಂದು ಸಂದಾಯವಾಗಬೇಕಿದ್ದ ಗೌರವ ಪ್ರತಿಗಳ ಲೆಕ್ಕಕ್ಕೆ ಅವರು ಅಷ್ಟನ್ನೂ ಹಾಕಿದರು. ಮನೆಯಲ್ಲಿ ಈಗ ನನ್ನ ಪುಸ್ತಕದ ಪ್ರತಿ ಒಂದೂ ಇಲ್ಲ. ನಮ್ಮ ಯಜಮಾನರು ಮಾತ್ರ ಉಪ್ಪಿಟ್ಟಿನ ಬಿಲ್ಲನ್ನು ಜೋಪಾನವಾಗಿ ತೆಗೆದಿಟ್ಟಿದ್ದಾರೆ.