ಪಿಂಚಣಿದಾರರ ಹೂವು

ಮೈಸೂರನ್ನು ಪಿಂಚಣಿದಾರರ ಸ್ವರ್ಗ ಎಂದವರು ನೀಲಿ ನೈದಿಲೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳಿರಬೇಕು. ದುಡಿಯುವವರೆಲ್ಲ ಗೇಟು ಎಳೆದುಕೊಂಡು ಹೋದಮೇಲೆ, 9-10 ಗಂಟೆಯ ಸುಮಾರಿಗೆ ಅದು ಅರಳುತ್ತದೆ. ಅವರು ಮರಳುವಷ್ಟರಲ್ಲಿ ಮುಚ್ಚಿರುತ್ತದೆ. ನೈದಿಲೆಗೆ ಚಂದ್ರನೇ ನಲ್ಲನೆಂದು ಕವಿಗಳು ಎಷ್ಟಾದರೂ ಹೇಳಿಕೊಳ್ಳಲಿ, ಕುವೆಂಪುನಗರದ ನಮ್ಮ ತಾರಸಿಯ ಟಬ್ಬಿನಲ್ಲಿರುವುದು ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ಮುಚ್ಚುವ ಗುಮಾಸ್ತ.

ಸಾಕುವುದು ಬ್ರಹ್ಮವಿದ್ಯೆಯೇನಲ್ಲ. ಅಗಲಬಾಯಿಯ, ತೂತಿಲ್ಲದ ಟಬ್ಬು, ತಳಕ್ಕೆ ಒಂದು ಹಿಡಿ ಹಳೆಯ ಸಗಣಿಗೊಬ್ಬರ, ಮೇಲೆ ಜಿಗುಟು ಜೇಡಿಮಣ್ಣು. ನರ್ಸರಿಯ ಕೋಕೊಪೀಟ್ ಇಲ್ಲಿ ನಡೆಯದು, ತೇಲಿ ಬರುತ್ತದೆ. ಗೆಡ್ಡೆಯ ಚಿಗುರನ್ನು ಹೂಳದೆ ಒಂದು ಗೇಣು ನೀರು ನಿಲ್ಲಿಸಿದರೆ ಆಯಿತು. ಗೊಬ್ಬರದಲ್ಲಿ ಕೈ ಧಾರಾಳವಾದರೆ ಮಾತ್ರ ಹೂವಿಗಿಂತ ಮುಂಚೆ ಪಾಚಿ ಬರುತ್ತದೆ. ದಿನಕ್ಕೆ 5-6 ತಾಸು ಬಿಸಿಲಂತೂ ಬೇಕೇ ಬೇಕು. ಮಾವಿನಮರದ ನೆರಳಲ್ಲಿಟ್ಟವರು ಎಲೆ ಎಣಿಸುತ್ತ ಕೂರಬೇಕಾಗುತ್ತದೆ.

ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆಯ ಭೇಟಿ. “ಸಾರ್, ನಿಂತ ನೀರು ಇಡಬಾರದು, ಡೆಂಗೆ ಬರುತ್ತೆ.” ಅವರು ಹೇಳುವುದು ನ್ಯಾಯವೇ, ಆ ಸೊಳ್ಳೆಗೆ ಇಂಥ ತಿಳಿನೀರೇ ಪ್ರೀತಿ. “ಇಲ್ಲಿ ನೋಡಿ ತಾಯಿ, ಗಪ್ಪಿ ಬಿಟ್ಟಿದ್ದೇನೆ” ಎಂದು ಬಗ್ಗಿ ತೋರಿಸಿದೆ. ಮರಿಹುಳುಗಳನ್ನು ಮೀನು ನುಂಗುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಪಕ್ಕದಲ್ಲಿದ್ದ ಖಾಲಿ ಕುಂಡದ ತಟ್ಟೆಯನ್ನು ಮಗುಚಿ ಹೋದರು.

ದಿನವಿಡೀ ಮನೆಯಲ್ಲಿರುವವನಿಗೆ ಹೂವಿನ ಒಳವ್ಯವಹಾರವೂ ತಿಳಿಯುತ್ತದೆ. ಮೊದಲ ದಿನ ನಡುವೆ ಒಂದಿಷ್ಟು ದ್ರವ ನಿಂತಿರುತ್ತದೆ. ಬೇರೆ ಹೂವಿನ ಪರಾಗ ಮೆತ್ತಿಕೊಂಡು ಬಂದ ಹುಳು ಅದರಲ್ಲಿ ಜಾರಿದರೆ ಪರಾಗ ತೊಳೆದುಹೋಗಿ ಹೂವಿನ ಪಾಲಾಗುತ್ತದೆ. ಹುಳು ಕೆಲವೊಮ್ಮೆ ಅಲ್ಲೇ ಮುಳುಗಿ ಸಾಯುವುದೂ ಉಂಟು. ಮರುದಿನ ದ್ರವವಿಲ್ಲ, ಈಗ ಪರಾಗ ಕೊಡುವ ಸರದಿ. ಮೂರು-ನಾಲ್ಕು ದಿನವಾದ ಮೇಲೆ ಹೂವು ನೀರೊಳಗೆ ಇಳಿದು ಅಲ್ಲೇ ಕಾಯಿ ಕಟ್ಟುತ್ತದೆ. ಇಷ್ಟು ಚೆಲುವಿನ ಹೂವಿಗೆ ಇಷ್ಟು ಲೆಕ್ಕಾಚಾರ!

ಎದುರುಮನೆಯವರು ಇನ್ನೂ ನೌಕರಿಯಲ್ಲಿದ್ದಾರೆ. ತಮಗೂ ಒಂದು ಗಿಡ ಬೇಕೆಂದಾಗ, “ನೀಲಿಯದಕ್ಕೆ ನಿವೃತ್ತಿಯಾಗಿ ಬನ್ನಿ, ಈಗ ರಾತ್ರಿ ಅರಳುವ ಕೆಂಪು ನೈದಿಲೆ ತನ್ನಿ” ಎಂದಿದ್ದೆ. ತಂದರು. ಅದು ಮುಸ್ಸಂಜೆಗೆ ಬಿಚ್ಚಿಕೊಂಡು ಮಾರನೆಯ ಬೆಳಿಗ್ಗೆ ಬಿಸಿಲೇರುವವರೆಗೂ ಅರಳೇ ಇರುತ್ತದೆ. ಅವರಿಗೆ ಸಂಜೆಯ ಕಾಫಿಗೂ ಹೂವು, ಬೆಳಗಿನ ಕಾಫಿಗೂ ಹೂವು. ನಾನೀಗ ತಾರಸಿಯಲ್ಲಿ ಇನ್ನೊಂದು ಟಬ್ಬಿಗೆ ಜಾಗ ನೋಡುತ್ತಿದ್ದೇನೆ.