ಅವ್ವ ಕೇಳಿದ ಪ್ರಶ್ನೆ

ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ.

2020ರ ಜನವರಿಯಲ್ಲಿ ನಮ್ಮ ಪಕ್ಕದ ಕನಕಪುರದಲ್ಲಿ ಕಪಾಲಬೆಟ್ಟದ ಏಸು ಪ್ರತಿಮೆ ವಿಚಾರಕ್ಕೆ ಗಲಾಟೆ ಆಯ್ತಲ್ಲ, ಆಗ ನಾನೂ ಇಲ್ಲಿ ಬರೆದಿದ್ದೆ. ಹಾರೋಬೆಲೆಯ ಕ್ರೈಸ್ತರು ತಲೆಮಾರುಗಳಿಂದ ಅಲ್ಲೇ ಬದುಕಿದೋರು, ಅವರ ಹಕ್ಕು ಅವರದು ಅಂತ. ಇವತ್ತೂ ನನ್ನ ಮಾತು ಅದೇ. ಆದ್ರೆ ಅವತ್ತು ಒಬ್ಬ ಹುಡುಗ ಕೇಳಿದ್ದ, 'ಬೈಬಲ್ ಓದಿದ್ದೀರಾ ಸಾರ್?' ಅಂತ. ಓದಿರಲಿಲ್ಲ. ಬಾಬಾಸಾಹೇಬರು ಮನುಸ್ಮೃತಿ ಯಾಕೆ ಸುಟ್ರು ಅಂತ ಗಂಟೆಗಟ್ಟಲೆ ಮಾತಾಡೋ ನನಗೆ ಆ ಪ್ರಶ್ನೆ ಮುಳ್ಳಿನ ಹಾಗೆ ಚುಚ್ಕೊಂಡಿತ್ತು.

ಈ ವರ್ಷ ಓದೋಕೆ ಕೂತೆ. ಆಫೀಸಿನ ಹಿರಿಯರೊಬ್ಬರು ಕನ್ನಡದ ಸತ್ಯವೇದ ಕೊಟ್ರು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅನ್ನೋ ಮಿಷನರಿ 19ನೇ ಶತಮಾನದ ಮೊದಲ ಭಾಗದಲ್ಲೇ ಬೈಬಲನ್ನ ಕನ್ನಡಕ್ಕೆ ತಂದಿದ್ದರು. ಅಂದ್ರೆ ಇದು ಕನ್ನಡದಲ್ಲಿ ಸುಮಾರು 200 ವರ್ಷದಿಂದ ಇದೆ. ನಮ್ಮನೆಗೆ ಅಕ್ಷರ ಬಂದಿದ್ದು ಮಾತ್ರ ನನ್ನ ಕಾಲಕ್ಕೆ.

ಅಕ್ಕೂರಿಂದ ಬಸ್ಸಲ್ಲಿ ಹೋಗ್ತಾ ಬರ್ತಾ ಓದೋದು. ಪುಸ್ತಕಕ್ಕೆ ಹಳೇ ನ್ಯೂಸ್‌ಪೇಪರ್ ಬೈಂಡು. ಯಾಕೆ ಅಂತ ನಿಮಗೆ ಗೊತ್ತು. ಆಫೀಸಲ್ಲಿ ಒಬ್ಬರು ನೋಡಿಬಿಟ್ಟು, 'ಏನ್ರೀ, ಕನ್ವರ್ಟ್ ಆಗ್ತಿದ್ದೀರಾ? ಕ್ಯಾಸ್ಟ್ ಸರ್ಟಿಫಿಕೇಟ್ ಹುಷಾರು' ಅಂದ್ರು. ತಮಾಷೆಗೆ ಅಂದಿದ್ದೇ. ಆದ್ರೆ 1950ರ ರಾಷ್ಟ್ರಪತಿ ಆದೇಶ ತಮಾಷೆಯಲ್ಲ. ಸಿಖ್ಖರನ್ನ 1956ರಲ್ಲಿ, ಬೌದ್ಧರನ್ನ 1990ರಲ್ಲಿ ಸೇರಿಸಿಕೊಂಡ್ರು. ಕ್ರೈಸ್ತನಾದ ಹೊಲೆಯ ಮಾದಿಗ ಮಾತ್ರ ಇವತ್ತಿಗೂ ಪರಿಶಿಷ್ಟ ಜಾತಿಯಿಂದ ಹೊರಗೆ. ನಾನು ಮತಾಂತರ ಆಗೋಕೆ ಓದ್ತಿರಲಿಲ್ಲ. ಆದ್ರೂ ನಮ್ಮೋನೊಬ್ಬ ಒಂದು ಪುಸ್ತಕ ಓದೋಕೂ ಎಷ್ಟು ಸಲ ಹಿಂದೆ ಮುಂದೆ ನೋಡಬೇಕು ನೋಡಿ.

ಓದ್ತಾ ಓದ್ತಾ ಯಾಜಕಕಾಂಡಕ್ಕೆ ಬಂದಾಗ ಮುಚ್ಚಿಡಬೇಕು ಅನ್ನಿಸ್ತು. ಯಾವುದು ಶುದ್ಧ, ಯಾವುದು ಅಶುದ್ಧ, ಯಾರನ್ನ ಮುಟ್ಟಿದ್ರೆ ಮೈಲಿಗೆ, ಚರ್ಮರೋಗ ಇರೋನು ಪಾಳೆಯದ ಆಚೆ ಒಂಟಿಯಾಗಿ ಇರಬೇಕು. ಇದೆಲ್ಲ ನಮಗೆ ಗೊತ್ತಿರೋದೇ ಅಲ್ವಾ? ಹಾಳೆ ತಿರುವಿ ಕೊನೆ ಕಡೆ ನೋಡಿದ್ರೆ ಎಫೆಸದವರಿಗೆ ಬರೆದ ಪತ್ರದಲ್ಲಿ, ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಅಂತ ಇದೆ. ಅಮೆರಿಕದಲ್ಲಿ ಕರಿಯರನ್ನ ಗುಲಾಮರಾಗಿ ಇಟ್ಕೊಂಡೋರು ಹಿಡ್ಕೊಂಡಿದ್ದು ಇಂಥ ಮಾತುಗಳನ್ನೇ. ನಮ್ಮ ದೇಶದ ಕೆಲವು ಕಡೆ ದಲಿತ ಕ್ರೈಸ್ತರಿಗೆ ಸ್ಮಶಾನವೂ ಬೇರೆ. ಇದನ್ನ ಮುಚ್ಚಿಟ್ಟು ಬರೆದ್ರೆ ನಾನು ಪ್ರಾಮಾಣಿಕ ಆಗಲ್ಲ.

ಒಂದು ಭಾನುವಾರ ಮನೆ ಜಗುಲಿ ಮೇಲೆ ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ಓದ್ತಿದ್ದೆ. ಅವ್ವ ಅವರೆಕಾಯಿ ಬಿಡಿಸ್ತಾ ಕೂತಿತ್ತು. 'ಅದೇನ್ಲಾ, ಜೋರಾಗಿ ಓದು' ಅಂತು. ಓದಿದೆ.

ಮಟಮಟ ಮಧ್ಯಾಹ್ನ. ನಡೆದು ದಣಿದ ಏಸು ಬಾವಿ ಹತ್ರ ಕೂತಿದ್ದಾನೆ. ಸಮಾರ್ಯದ ಹೆಂಗಸು ಕೊಡ ತಗೊಂಡು ಬರ್ತಾಳೆ. ಏಸು ಕುಡಿಯೋಕೆ ನೀರು ಕೇಳ್ತಾನೆ. ಅವಳಿಗೆ ಆಶ್ಚರ್ಯ. ಯಾಕಂದ್ರೆ ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಕೊಳ್ತಿರಲಿಲ್ಲ. ಆ ಗ್ರೀಕ್ ಮಾತಿಗೆ, ಇಬ್ಬರೂ ಒಂದೇ ಪಾತ್ರೆ ಬಳಸ್ತಿರಲಿಲ್ಲ ಅನ್ನೋ ಅರ್ಥಾನೂ ಕೆಲವು ವಿದ್ವಾಂಸರು ಹೇಳ್ತಾರೆ.

ಅವ್ವನ ಕೈ ನಿಂತೋಯ್ತು. ಮೇಲ್ಜಾತಿಯೋರ ಬಾವಿ ಹತ್ರ ಬಿಸಿಲಲ್ಲಿ ಕಾದು, ಮೇಲಿಂದ ಹುಯ್ದ ನೀರಿಗೆ ಕೊಡ ಒಡ್ಡಿದ ಕೈ ಅದು.

'ಆಯಪ್ಪ ಕುಡುದ್ನಾ?' ಅಂತು.

ಹುಡುಕಿದೆ. ಮುಂದೆಲ್ಲ ಜೀವಜಲದ ಮಾತು, ಆರಾಧನೆಯ ಮಾತು. ಕುಡಿದ ಅಂತ ಎಲ್ಲೂ ಬರೆದಿಲ್ಲ. 'ಬರ್ದಿಲ್ಲ ಕಣವ್ವ' ಅಂದೆ.

'ಆಯಪ್ಪನ ತಾವ ಸೇದಕ್ಕೆ ಏನಾರ ಇತ್ತಾ?'

ಇರಲಿಲ್ಲ. ಆ ಹೆಂಗಸೇ ಅದನ್ನ ಹೇಳ್ತಾಳೆ.

'ಆಮೇಲೆ?'

ಅವಳು ಕೊಡ ಅಲ್ಲೇ ಬಿಟ್ಟು ಊರೊಳಕ್ಕೆ ಹೋಗ್ತಾಳೆ. ಊರೋರು ಬಂದು ಕರೀತಾರೆ. ಏಸು ಅವರ ಊರಲ್ಲಿ ಎರಡು ದಿನ ಉಳ್ಕೊಳ್ತಾನೆ.

ಅವ್ವ ಮತ್ತೆ ಅವರೆಕಾಯಿಗೆ ಕೈ ಹಾಕ್ತು. 'ಎರಡು ದಿನ ಇದ್ದ ಅಂದ್ಮೇಲೆ ಉಂಡವ್ನೆ, ಕುಡುದವ್ನೆ ಬುಡು. ನಮ್ ಕೇರಿಗೆ ಓಟ್ ಕೇಳಕ್ಕೆ ಬರೋರಂಗೆ ಬಾಟ್ಲಿ ನೀರು ತಂದಿರ್ತಾನಾ?'

ಪುಸ್ತಕ ಕೊಟ್ಟ ಹಿರಿಯರಿಗೆ ಇದನ್ನ ಹೇಳಿದೆ. ಎಷ್ಟೋ ವರ್ಷದಿಂದ ಪ್ರಸಂಗ ಕೇಳಿದ್ದೀನಿ, ಎಲ್ಲರೂ ಜೀವಜಲದ ಬಗ್ಗೆ ಹೇಳ್ತಾರೆ, ಕೊಡದ ಬಗ್ಗೆ ಯಾರೂ ಕೇಳಿರಲಿಲ್ಲ ಅಂದ್ರು.

ಕೇಳೋದು ಹೇಗೆ? ಬಾವಿ ಹತ್ರ ಕಾಯದೇ ಇದ್ದೋರಿಗೆ ಕೊಡ ಬರೀ ಕೊಡ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದಿದ್ದು ಬರೀ ದಾಹಕ್ಕಲ್ಲ ಅಂತ ನಮಗೆ ಗೊತ್ತಲ್ಲ, ಅವ್ವನಿಗೂ ಹಾಗೆ. ಓದು ಬರಹ ಇಲ್ಲದ ಅವ್ವ ಆ ಅಧ್ಯಾಯ ಅರ್ಥ ಮಾಡ್ಕೊಂಡಷ್ಟು ಬಿ.ಎ. ಮಾಡಿರೋ ನಾನು ಮಾಡ್ಕೊಂಡಿರಲಿಲ್ಲ.

ಅದಕ್ಕೇ ಹೇಳೋದು: ಯಾವ ಧರ್ಮಗ್ರಂಥವೇ ಇರಲಿ, ಒಪ್ಪೋಕೂ ಬಿಡೋಕೂ ಮುಂಚೆ ನಾವೇ ಓದೋಣ. ಓದು ಬಾರದ ಹಿರಿಯರಿಗೆ ಜೋರಾಗಿ ಓದಿ ಹೇಳೋಣ. ಅರ್ಥ ಹೇಳೋ ಕೆಲಸವನ್ನ ಪುರೋಹಿತರಿಗೂ ಪಾದ್ರಿಗಳಿಗೂ ಮಾತ್ರ ಬಿಟ್ಟುಕೊಡೋದು ಬೇಡ. ಒಪ್ಪಿಗೆ ಆಗದ್ದನ್ನ ಒಪ್ಪಿಗೆ ಆಗಲ್ಲ ಅನ್ನೋಣ.

ನಾನಿನ್ನೂ ಪೂರ್ತಿ ಓದಿಲ್ಲ. ಸೋಮವಾರ ಬಸ್ ಹತ್ತೋಕೆ ಮುಂಚೆ ಆ ನ್ಯೂಸ್‌ಪೇಪರ್ ಬೈಂಡು ಮಾತ್ರ ಬಿಚ್ಚಿಟ್ಟೆ.

ಜೈ ಭೀಮ್.